ಮೂಗು ಹಿಡಿಸಿದ ತಪ್ಪಿಗೆ ಅಳವಂಡಿಯವರೆಗೆ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ವಾರ, ಕೊಪ್ಪಳದಿಂದ ಬೆಳಗಿನ ಮೊದಲ ಬಸ್ಸಿಗೆ ಗಂಗಾವತಿಗೆ ಹೊರಟೆ. ಎಂಬತ್ತರ ದಶಕದ ಮಾತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನೆಂದು ಶಿಕ್ಷಣ ಇಲಾಖೆಯವರು ನನಗೊಂದು ಹೊಸ ಕೆಲಸ ಹಚ್ಚಿದ್ದರು. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಕಾಡುವುದನ್ನು ಗುರುತಿಸಿ ತಡೆಯುವುದು ಹೇಗೆಂದು ಶಿಕ್ಷಕರಿಗೆ ಹೇಳಿಕೊಡಬೇಕು. ಮೂರು ತಾಲೂಕು, ಮೂರು ದಿನ. ಇದನ್ನು ನನಗಿಂತ ಬಲ್ಲವರು ಯಾರು ಎಂಬ ಜಂಬ ಬೇರೆ!

ಗಂಗಾವತಿಯಲ್ಲಿ ಕಾಲುವೆಯುದ್ದಕ್ಕೂ ಭತ್ತದ ಹಸಿರು. ಮಧ್ಯಾಹ್ನ ಬಿಸಿ ಅನ್ನ, ಕಣ್ಣಲ್ಲಿ ನೀರು ಬರಿಸುವ ಖಾರದ ಸಾರು. "ಯಾವ ಹುಡುಗಿ ಒಬ್ಬಾಕೀನ ಕೂಡತಾಳ, ಯಾರ ಪಾಟಿ ಪದೇ ಪದೇ ಒಡೀತೈತಿ, ಆಟದ ಹೊತ್ತಿಗೆ ಯಾರಿಗೆ ಹೊಟ್ಟಿ ನೋಯತೈತಿ, ಕಣ್ಣಿಟ್ಟು ನೋಡ್ರಿ" ಎಂದೆ. ಎಲ್ಲರೂ ಬರೆದುಕೊಂಡರು. ನಾನು ಉಬ್ಬಿಹೋದೆ.

ಮರುದಿನ ಕನಕಗಿರಿ, ತಾವರಗೇರಿ ದಾಟಿ ಕುಷ್ಟಗಿ. ಅರವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯ ದೂಳೆಲ್ಲ ನನ್ನ ಧೋತರದ ಮೇಲೆ. ಅಲ್ಲೊಂದು ಶಾಲೆಯಲ್ಲಿ ಎಲ್ಲರೂ ಸೇರಿ ಪಾಠ ನೋಡಿದೆವು. ಮಾಸ್ತರರು ಮಗ್ಗಿ ಕೇಳಿದರು. ಉತ್ತರ ಹೇಳಿದ ಹುಡುಗಿ, ಮಾಸ್ತರರ ಅಪ್ಪಣೆಯಂತೆ ಬಾಯಿಬಿಡದವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಪಾಳಕ್ಕೆ ಬಾರಿಸುತ್ತ ಸಾಲು ಮುಗಿಸಿದಳು. ಹಿಂದೆ ಕೂತ ಶಿಕ್ಷಕರೆಲ್ಲ ನಕ್ಕರು. ನಾನೂ ನಕ್ಕೆ.

ಮೂರನೆಯ ದಿನ ಯಲಬುರ್ಗಾ. ನನ್ನ ಭಾಷಣ ಮುಗಿಯುತ್ತಲೇ ಕಿರಿ ವಯಸ್ಸಿನ ಅಕ್ಕೋರೊಬ್ಬರು ಎದ್ದುನಿಂತರು.

"ಸರ್ರ, ಮೂಗು ಹಿಡಿಸಿ ಹೊಡಸೂದು ಇದ್ರಾಗ ಬರತೈತೋ ಇಲ್ಲೋ?"

"ಅದು ಶಿಕ್ಷಾ ಐತಿ, ಕಾಡೂದಲ್ಲ" ಎಂದೆ ಥಟ್ಟನೆ.

"ನಾ ಅಳವಂಡಿ ಗಿರಿಜಾ ರೀ, ನಿಮ್ಮ ಕೈಯಾಗ ಕಲಿತಾಕಿ. ಹುಲಿಗೆಮ್ಮ ನನ್ನ ಗೆಳತಿ ಇದ್ಲು. ಒಂದಿನ ಆಕಿ ಮೂಗು ನನ್ನ ಕೈಲೇ ಹಿಡಿಸಿದ್ರಿ. ಮೆಲ್ಲಕ ಹೊಡದ್ರ ನೀವು ನನಗ ಹೊಡೀತಿದ್ರಿ. ಅದಕ್ಕ ಜೋರ ಹೊಡದೆ. ಮರುದಿನದಿಂದ ಆಕಿ ಸಾಲಿಗೆ ಬರ್ಲಿಲ್ಲ. ಈಗ ಆಕಿ ಮಗಳಿಗೆ ಏಳು ವರ್ಷ. ಆ ಕೂಸಿನ್ನ ಇನ್ನೂ ಸಾಲಿಗೆ ಹಾಕಿಲ್ರಿ."

ಅಯ್ಯೋ ದೇವರೇ, ಹುಲಿಗೆಮ್ಮ! ತಿಂಗಳುಗಟ್ಟಲೆ ಬರಲಿಲ್ಲವೆಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದವನು ನಾನೇ. ಯಾಕೆ ಬರಲಿಲ್ಲವೆಂದು ಒಂದು ದಿನವೂ ಮನೆಗೆ ಹೋಗಿ ಕೇಳಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. ಆ ಸಂಜೆ ಊಟ ಸೇರಲಿಲ್ಲ.

ಕೊಪ್ಪಳಕ್ಕೆ ಮರಳಿ ಮರುದಿನ ಬೆಳಿಗ್ಗೆ ಅಳವಂಡಿ ಬಸ್ ಹತ್ತಿದೆ. ಟಿಕೆಟ್ ಎರಡು ರೂಪಾಯಿ. ಗಿರಿಜಾ ಹೇಳಿದ ಗುರುತಿನಂತೆ ಬಸ್ ನಿಲ್ಲುವಲ್ಲೇ ಎದುರಿಗೆ ಹುಲಿಗೆಮ್ಮನ ಮನೆ. ಕಟ್ಟೆಯ ಮೇಲೆ ಮಗಳೊಂದಿಗೆ ಶೇಂಗಾ ಸುಲಿಯುತ್ತಿದ್ದವಳು ದಡಬಡಿಸಿ ಎದ್ದು ಸೆರಗು ಹೊದ್ದಳು.

"ಬರ್ರಿ ಸರ್ರ, ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ."

ಕುಡಿದು ಚರಿಗೆ ಕೆಳಗಿಟ್ಟೆ. "ಅವತ್ತು ನಂದು ಭಾಳ ತಪ್ಪಾತವ್ವಾ. ಮಗಳನ್ನರ ಸಾಲಿಗೆ ಕಳಸು" ಎಂದೆ.

ಅವಳು ನನ್ನ ಮುಖ ನೋಡಿದಳು. "ಈಗೂ ಮೂಗು ಹಿಡಸ್ತಾರೇನ್ರಿ?"

ಇಲ್ಲ ಎಂದಿದ್ದರೆ ಕಳಿಸುತ್ತಿದ್ದಳೇನೋ. ಆದರೆ ಕುಷ್ಟಗಿಯ ನಗು ಕಿವಿಯಲ್ಲಿತ್ತು. ಅವಳೆದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಿಡಸ್ತಾರವ್ವಾ. ಮೊನ್ನೆ ನೋಡಿ ನಾನೂ ನಕ್ಕೆ."

"ಹಂಗಾದ್ರ ಬ್ಯಾಡ ಬಿಡ್ರಿ" ಎಂದಳು. ಸಿಟ್ಟಿರಲಿಲ್ಲ. ಮತ್ತೆ ಮಜ್ಜಿಗೆ ಹಾಕಿದಳು.

ಬಸ್ ಹೊರಡುವಾಗ ಶಾಲೆಯ ಗಂಟೆ ಹೊಡೆಯಿತು. ಓಣಿಯ ಮಕ್ಕಳು ಚೀಲ ಹೊತ್ತು ಓಡಿದರು. ಕಿಟಕಿಯಿಂದ ತಿರುಗಿ ನೋಡಿದೆ. ಹುಲಿಗೆಮ್ಮನ ಮಗಳು ತಲೆಯೆತ್ತಿ ಗಂಟೆ ಕೇಳಿದಳು, ಅವ್ವನ ಮುಖ ನೋಡಿದಳು, ಮತ್ತೆ ತಲೆ ಬಗ್ಗಿಸಿ ಶೇಂಗಾ ಸುಲಿಯತೊಡಗಿದಳು.