ಕುಂಟುವ ಇಂಜಿನ್

ಎಲ್ಲರೂ ಇಂಜಿನ್ ಸರಿಯಾಗಿ ಓಡಲೆಂದು ಕಟ್ಟುತ್ತಾರೆ. ನಾನು ಕುಂಟುವ ಇಂಜಿನ್ ಕಟ್ಟಲು ಹೊರಟವನು. ಎಪ್ಪತ್ತರ ದಶಕದ ಕೊನೆಗೆ, ಅಲೆವೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಎರಡು ವರ್ಷ ಅದೇ ಹುಚ್ಚು.

ಎಲ್ಲ ಅಣ್ಣನಿಗಾಗಿ. ಅವನು ಕಾಪು ಕಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಉಗಿ ಇಂಜಿನ್ನಿಗೆ ಬೆಂಕಿ ಹಾಕಿದವನು. ಕರೆಂಟಿನ ಮೋಟಾರು ಬಂತು, ಇಂಜಿನ್ ಗುಜರಿಗೆ ಹೋಯಿತು, ಅಣ್ಣ ಕೆಮ್ಮು ಹೊತ್ತುಕೊಂಡು ನಮ್ಮ ಪಕ್ಕದ ತನ್ನ ಮನೆ ಸೇರಿದ. ಮಣಿಪಾಲದಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದಾಗಲೇ ನನಗೆ ಗೊತ್ತಾಯಿತು. ಅವನಿಗಿದ್ದದ್ದು ಒಂದೇ ಆಸೆ, ಆ ಇಂಜಿನ್ನಿನ ಸದ್ದು ಇನ್ನೊಮ್ಮೆ ಕೇಳಬೇಕು. ಅದು ಒಂದು ಹೊಡೆತ ಗಟ್ಟಿ, ಒಂದು ಹೊಡೆತ ಮೆತ್ತಗೆ ಓಡುತ್ತಿತ್ತಂತೆ, ಕಾಲೆಳೆದು ನಡೆಯುವವರ ಹಾಗೆ.

ಸೈಕಲ್ ಪಂಪಿನ ಕೊಳವೆ ಸಿಲಿಂಡರ್ ಆಯಿತು, ಹೊಲಿಗೆ ಮೆಷಿನ್ನಿನ ಚಕ್ರ ಇಂಜಿನ್ನಿನ ಗಾಲಿಯಾಯಿತು. ಮೊದಲ ಸಲ ಓಡಿದಾಗ ನಾನು ಕುಣಿದೇಬಿಟ್ಟೆ. ಅಣ್ಣ ಸ್ಟೂಲಿನ ಮೇಲೆ ಕೂತು ಕಿವಿಗೊಟ್ಟ.

"ಎಂತ ಮಾರಾಯ, ಇದು ಸರಿ ಓಡ್ತದೆ ಅಲ್ವಾ? ನಮ್ಮದು ಹೀಗೆ ಇರಲಿಲ್ಲ."

ಸರಿ ಓಡಿಸಿದ್ದಕ್ಕೆ ಬೈಸಿಕೊಂಡ ಫಿಟ್ಟರ್ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು! ಒಂದು ಹೊಡೆತ ಮೆತ್ತಗಾಗಲೆಂದು, ಉಗಿ ಹೊರಬೀಳುವ ಎರಡು ತೂತುಗಳಲ್ಲಿ ಒಂದನ್ನು ಮಾತ್ರ ಅರದಿಂದ ಉಜ್ಜಿ ಉಜ್ಜಿ ಕೆಡಿಸುತ್ತ ಹೋದೆ. ಪ್ರತಿ ಭಾನುವಾರ ಅವನು ಬಂದು ಕೇಳುವುದು, "ಇಲ್ಲ" ಎನ್ನುವುದು.

ಅಷ್ಟರಲ್ಲಿ ನೀರು ಕಾಯಿಸಿ ಉಗಿ ಕೊಡುವ ಪುಟ್ಟ ಬಾಯ್ಲರ್ ಸೋರಿತು. ಕಾರ್ಕಳದಲ್ಲಿ ಗ್ಯಾಸಿನ ಗಟ್ಟಿ ಬೆಸುಗೆ ಹಾಕುವವನೊಬ್ಬನಿದ್ದ, ಎರಡು ವಾರ ಕಾಯಿ ಎಂದ. ಅಣ್ಣನ ಉಸಿರಾಟ ನೋಡಿದರೆ ಕಾಯುವ ಧೈರ್ಯ ಬರಲಿಲ್ಲ. ಪಾತ್ರೆಗೆ ಹಚ್ಚುವ ತವರದಲ್ಲೇ ಬೆಸೆದೆ. ಸಣ್ಣ ಇದ್ದಿಲ ಬೆಂಕಿಗೆ ಅದು ತಡೆಯುತ್ತದೆ, ದೊಡ್ಡ ಬೆಂಕಿಗೆ ಕರಗುತ್ತದೆ. ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಇಂಜಿನ್ ಹೊರಟಿತು. ಒಂದು ಗಟ್ಟಿ, ಒಂದು ಮೆತ್ತಗೆ. ಅಣ್ಣ ಎದ್ದೇ ನಿಂತ.

"ಇದೇ, ಇದೇ! ಬೆಂಕಿ ಸಾಲದು, ಅಷ್ಟೇ."

ನಾನು ಎಣ್ಣೆಯ ಡಬ್ಬಿಗೆಂದು ಆಚೆ ತಿರುಗಿದೆ. ನಮ್ಮ ಊರಿನಲ್ಲಿ ಬೆಂಕಿ ಸಾಲದೆಂದರೆ ಕೈ ತಾನಾಗಿ ತೆಂಗಿನ ಗೆರಟೆಗೆ ಹೋಗುತ್ತದೆ. ಬಚ್ಚಲ ಒಲೆಗೆಂದು ಶೆಡ್ಡಿನ ಮೂಲೆಯಲ್ಲಿ ಒಟ್ಟಿಟ್ಟಿದ್ದ ರಾಶಿಯಿಂದ ಅವನು ನಾಲ್ಕು ಗೆರಟೆ ತೆಗೆದು ಬಾಯ್ಲರಿನ ಅಡಿಗೆ ತಳ್ಳಿದ್ದ. ಬೆಂಕಿ ಭಗ್ಗೆಂದು ಎದ್ದಿತು. ತವರ ಕರಗಿ ಬೆಸುಗೆ ಬಿಟ್ಟು ನೀರೆಲ್ಲ ಬೆಂಕಿಯ ಮೇಲೆ ಸುರಿಯಿತು. ಇಂಜಿನ್ ನಿಂತಿತು.

ಅಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. "ಮೂವತ್ತು ವರ್ಷದಲ್ಲಿ ಒಂದು ಬಾಯ್ಲರ್ ಕೆಡಿಸಿದವನಲ್ಲ ನಾನು. ಈಗ ಕೈಯೂ ಹೋಯ್ತು ನೋಡು."

ತವರದ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಫಿಟ್ಟರ್ ಎಂಬ ನನ್ನ ಹೆಸರು ಹೋಗುತ್ತಿತ್ತು, ಅಷ್ಟೇ ತಾನೆ? "ಇರಲಿ ಬಿಡು ಅಣ್ಣ, ವಯಸ್ಸಾಯ್ತಲ್ಲ" ಅಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು!

ಅವನು ಮತ್ತೆ ಶೆಡ್ಡಿಗೆ ಬರಲಿಲ್ಲ. ತನ್ನ ಮನೆಯ ಬಚ್ಚಲ ಒಲೆ ಹಚ್ಚುವುದನ್ನೂ ಅತ್ತಿಗೆಗೆ ಬಿಟ್ಟ. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟ. ಚಿತೆಗೆ ನಾನೇ ಗೆರಟೆ ಹಾಕಿದೆ, ಆಗಲೂ ಬಾಯಿ ಬಿಡಲಿಲ್ಲ.