ಮೂವತ್ತಮೂರರ ಶೋಕ

ನನ್ನ ಗಂಡ ವಿನ್ಸೆಂಟರ ರೆಕಾರ್ಡ್ ಪ್ಲೇಯರನ್ನು ನಾನು ವಾರಕ್ಕೊಮ್ಮೆ ಒರೆಸಿದ್ದೇನೆ, ನುಡಿಸಿದವಳಲ್ಲ. ಪರದೇಶದ ಈ ಹೇಸ್ ಊರಿನ ಸಾಲುಮನೆಗಳ ಗೋಡೆ ತೆಳು. ಪಕ್ಕದ ಮನೆಯ ಕೆಮ್ಮಿಗೆ ನಾವು ಕಷಾಯ ಕಾಯಿಸಬೇಕೆನ್ನಿಸುತ್ತದೆ. ಹಾಗಾಗಿ ಅವರು ಹೆಡ್‌ಫೋನ್ ಹಾಕಿಯೇ ಕೇಳುತ್ತಿದ್ದರು. ಭಾನುವಾರ ನಾನು ಆಸ್ಪತ್ರೆಯ ಪಾಳಿ ಮುಗಿಸಿ ಬಂದಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

"ಎಂತ ಕೇಳ್ತಾ ಇದ್ದದ್ದು?"

"ಎಂತ ಇಲ್ಲ, ಹಳೇದು."

ಆ 'ಹಳೇದು' ಯಾವುದೆಂದು ಮೂವತ್ತೊಂದು ವರ್ಷ ನಾನು ಮತ್ತೆ ವಿಚಾರಿಸಲಿಲ್ಲ. ವಿಚಾರಿಸಿದ್ದೆಲ್ಲ ಕುರ್ಚಿಯ ಮುಂದಿನ ಕಾರ್ಪೆಟ್ಟಿನ ಬಗ್ಗೆ. ಮನೆಯ ಬೇರೆಲ್ಲೂ ಇಲ್ಲದ ಸವೆತ ಅಲ್ಲಿ ಮಾತ್ರ, ಅಕ್ಕಪಕ್ಕ ಎರಡು ಕಡೆ. ಕಳಪೆ ಮಾಲೆಂದು ಅಂಗಡಿಯವನೊಡನೆ ಜಗಳವನ್ನೂ ಆಡಿದ್ದೆ.

ಅವರು ತೀರಿಕೊಂಡ ಎರಡನೇ ವಾರ ರೆಕಾರ್ಡಿನ ಡಬ್ಬ ತೆರೆದೆ. ಒಬ್ಬನೇ ಬ್ಯಾಂಡ್ ಮಾಸ್ಟರನ ಹನ್ನೊಂದು ಸಣ್ಣ ರೆಕಾರ್ಡುಗಳು, ಹೆಸರೆಲ್ಲ ಸ್ಪ್ಯಾನಿಷ್‌ನಲ್ಲಿ. ನಡುವೆ ದೊಡ್ಡ ತೂತು. ಅದಕ್ಕೊಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸಬೇಕೆಂದು ತಿಳಿಯಲು ಒಂದು ದಿನ ಹಿಡಿಯಿತು. ಮುಳ್ಳು ಇಟ್ಟೆ. ಬಾವಿಯ ತಳದಿಂದ ಬಂದಂಥ ಗಂಡು ದನಿ. ಹಿಂದೆ ನರಳುವ ಒಂದು ಗುಂಪು. ಶವಪೆಟ್ಟಿಗೆಗೆ ಮೊಳೆ ಹೊಡೆದಂತೆ ನಿಧಾನದ ಚಪ್ಪಾಳೆ. ಹನ್ನೊಂದೂ ಹಾಗೆಯೇ. ಈ ಮನುಷ್ಯ ಪ್ರತಿ ಭಾನುವಾರ ಇಷ್ಟು ದುಃಖವನ್ನು ಕಿವಿಗೆ ಹಾಕಿಕೊಂಡು ಕೂತಿದ್ದರೇ? ನನ್ನ ಜೊತೆ ಸುಖವಾಗಿ ಇರಲಿಲ್ಲವೇ? ಕೇಳೋಣವೆಂದರೆ ಅವರಿಲ್ಲ.

ಅವರು ಹೋಗಿ ತಿಂಗಳಾದ ಪೂಜೆಯ ದಿನ ಇಗರ್ಜಿಯಿಂದ ಎಲ್ಲರೂ ಮನೆಗೆ ಊಟಕ್ಕೆ ಬಂದರು. ನಾದಿನಿ ಲಿಲ್ಲಿ ಸಟನ್‌ನಿಂದ ಬಂದಿದ್ದಳು. ಸಾವಿನ ಮನೆಯಲ್ಲಿ ವರ್ಷ ತುಂಬುವ ತನಕ ಸಂಗೀತ ಕೂಡದು ಎನ್ನುವವಳು. "ಇದು ಆಗ್ತದೆ ಲಿಲ್ಲಿ, ಶೋಕದ್ದೇ" ಎಂದು ಒಂದನ್ನು ಹಾಕಿದೆ. ಕೋಣೆ ಗಂಭೀರವಾಯಿತು. ಲಿಲ್ಲಿ ಶಿಲುಬೆಯ ಗುರುತು ಮಾಡಿದಳು.

"ಪಾಪ, ಅಣ್ಣ ಇಷ್ಟೆಲ್ಲ ಒಳಗೇ ಇಟ್ಟುಕೊಂಡಿದ್ದನಾ?"

ನನ್ನ ಗುಟ್ಟಿನ ಪ್ರಶ್ನೆ ಈಗ ಊರೆದುರಿಗೆ ಬಂತು. ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಮಗಳು ಅನಿತಾ ಒದ್ದೆ ಕೈಯಲ್ಲೇ ಓಡಿಬಂದಳು. "ಮಮ್! ರಾಂಗ್ ಸ್ಪೀಡ್!" ನನ್ನ ಒರೆಸುವ ಬಟ್ಟೆಗೆ ಸಿಕ್ಕಿ ನಿಮಿಷಕ್ಕೆ ಮೂವತ್ತಮೂರು ಸುತ್ತಿಗೆ ಸರಿದಿದ್ದ ಗುಂಡಿಯನ್ನು, ಸಣ್ಣ ರೆಕಾರ್ಡಿಗೆ ಬೇಕಾದ ನಲವತ್ತೈದಕ್ಕೆ ದೂಡಿದಳು.

ಬಾವಿಯಲ್ಲಿದ್ದವನು ಒಂದೇ ನೆಗೆತಕ್ಕೆ ಕಟ್ಟೆ ಹತ್ತಿದ. ಪಿಯಾನೊ, ತುತ್ತೂರಿ, ಚಟಪಟ ಚಪ್ಪಾಳೆ. ನರಳುತ್ತಿದ್ದ ಗುಂಪು ಕೇಕೆ ಹಾಕಿ ನಗುತ್ತಿತ್ತು.

"ಶೋಕದ್ದಂತೆ! ಎಂತ ಮಾರಾಯ್ತಿ ನೀನು!" ಲಿಲ್ಲಿ ಬೈದಳು. ನಿಲ್ಲಿಸು ಎನ್ನಲಿಲ್ಲ.

ಅದರ ಹೆಸರು ಬೂಗಲೂ ಎಂದು ಆಮೇಲೆ ಓದಿಕೊಂಡೆ. ಅರವತ್ತರ ದಶಕದ ನ್ಯೂಯಾರ್ಕಿನಲ್ಲಿ ಹರೆಯದವರಿಗೆ ಹಿಡಿದ ಕುಣಿತದ ಹುಚ್ಚು. ಕ್ಯೂಬಾ ಕಡೆಯ ತಾಳಕ್ಕೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆ ಬೆರೆಸಿದ್ದು. ಹಿರಿಯ ವಾದ್ಯಗಾರರು ಮೂಗು ಮುರಿದರು. ಕೆಲವೇ ವರ್ಷಗಳಲ್ಲಿ ಹುಚ್ಚು ಇಳಿಯಿತು. ನಮ್ಮ ಬ್ಯಾಂಡ್ ಮಾಸ್ಟರನೂ ಮುಂದೆ ಘನವಾದದ್ದನ್ನು ನುಡಿಸಿ ಹೆಸರು ಮಾಡಿದನಂತೆ. ವಿನ್ಸೆಂಟರ ಡಬ್ಬದಲ್ಲಿ ಆ ಘನವಾದದ್ದು ಒಂದೂ ಇಲ್ಲ.

ಎಲ್ಲರೂ ಹೋದ ಮೇಲೆ ಅವರ ಕುರ್ಚಿಯಲ್ಲಿ ಕೂತೆ. ನನ್ನ ಪಾದಗಳು ತಾವಾಗಿಯೇ ಕಾರ್ಪೆಟ್ಟಿನ ಎರಡು ಸವೆತಗಳ ಮೇಲೆ ಇಳಿದವು.

ಹೊಸ ಕಾರ್ಪೆಟ್ ಬೇಡವೆಂದು ಅನಿತಾಳಿಗೆ ಹೇಳಿದ್ದೇನೆ. ಆ ಅಂಗಡಿಯವನ ಬಳಿ ಕ್ಷಮೆ ಕೇಳುವುದೊಂದು ಬಾಕಿ ಇದೆ.