ನಿದ್ದೆ ಮಾಡದ ಗೇರಣ್ಣ

ಊರಿನವರು ಅವನನ್ನು ಗೇರಣ್ಣ ಎಂದೇ ಕರೆಯುತ್ತಿದ್ದರು. ಲಾರಿ ಓಡಿಸುವುದು ಬಿಟ್ಟು ಎಷ್ಟೋ ಕಾಲವಾದರೂ ಕುರ್ಚಿಯಲ್ಲಿ ಕೂತರೆ ಅವನ ಕೈ ತಾನಾಗಿ ಗೇರು ಹುಡುಕುತ್ತಿತ್ತು. ಬಾಯಿಗಂತೂ ಬ್ರೇಕೇ ಇರಲಿಲ್ಲ. ಆ ಬಾಯಿಯೇ ಅವನನ್ನು ಕೆಡಿಸಿದ್ದು.

ಊರಾಚೆ, ಹೆದ್ದಾರಿಗೆ ಅಂಟಿಕೊಂಡು, ಯಾರೂ ಒಂದು ಗೂಟವನ್ನೂ ಹೊಡೆಯಬಾರದೆಂದು ಸರ್ಕಾರ ಕಾಪಾಡಿಕೊಂಡು ಬಂದ ಹುಲ್ಲುಗಾವಲಿತ್ತು. ಅಲ್ಲಿ ಪೆಟ್ರೋಲ್ ಬಂಕು, ಹೋಟೆಲು, ಶೌಚಾಲಯ, ಲಾರಿ ನಿಲ್ಲಿಸಿ ಮಲಗುವ ಜಾಗ ಎಲ್ಲ ಸೇರಿದ ದೊಡ್ಡ ತಂಗುದಾಣ ಬರುತ್ತದೆ ಎಂದ ಕೂಡಲೇ ಊರು ಸಿಡಿದೆದ್ದಿತು. ಗೇರಣ್ಣನಿಗೂ ಸಂಕಟವಾಗಿದ್ದು ಸುಳ್ಳಲ್ಲ. ಬೆಳಗಿನ ಹೊತ್ತು ಆ ಹುಲ್ಲಿನ ಮೇಲೆ ನಡೆಯುವುದೆಂದರೆ ಅವನಿಗೆ ಪ್ರಾಣ.

ಅಹವಾಲು ಕೇಳಲು ಅಧಿಕಾರಿಗಳು ಶಾಲೆಯ ಸಭಾಂಗಣಕ್ಕೆ ಬಂದರು. ಗೇರಣ್ಣನ ಅಳಿಯನೂ ಬಂದಿದ್ದ. ಅವನೂ ಲಾರಿ ಡ್ರೈವರೇ, ಮಾವನ ಬಳಿಯೇ ಕ್ಲೀನರಾಗಿದ್ದು ಕೆಲಸ ಕಲಿತವನು. ಹುಲ್ಲುಗಾವಲು ಬಿಡಿ, ಊರಿನ ಆ ಕಡೆಯ ಹಳೇ ಇಟ್ಟಿಗೆ ಗೂಡಿನ ಬಯಲಲ್ಲಿ ಕಟ್ಟಿ, ಆದರೆ ಕಟ್ಟಲೇಬೇಕು ಎಂದು ಹೇಳಲು ಕೆಲಸ ಬಿಟ್ಟು ಬಂದಿದ್ದ. ಹಿಂದಿನ ಸಾಲಿನಲ್ಲಿ ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ಯಾರೋ ಕೂಗಿದರು: “ಗೇರಣ್ಣನ್ನ ಕೇಳಿ! ಅವನಿಗಿಂತ ಗೊತ್ತಿರೋರು ಯಾರಿದಾರೆ?”

ಅಧಿಕಾರಿ ಕೇಳಿದ್ದು ಸರಳ ಪ್ರಶ್ನೆ. “ಈ ದಾರೀಲಿ ಡ್ರೈವರ್‌ಗಳು ನಿಂತು ಮಲಗೋಕೆ ಜಾಗ ಬೇಕಾ, ಬೇಡ್ವಾ?”

ಮೈಕು ಕೈಗೆ ಬಂದದ್ದೇ ತಡ, ಗೇರಣ್ಣ ಉಬ್ಬಿಹೋದ. “ಏನ್ ಸ್ವಾಮಿ, ಮೂವತ್ತು ವರ್ಷ ಓಡಿಸಿದೀನಿ. ಒಂದು ದಿನ ದಾರೀಲಿ ಕಣ್ಣು ಮುಚ್ಚಿಲ್ಲ. ನಿದ್ದೆ ಬರೋದು ಮೈಗಳ್ಳರಿಗೆ!”

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದ ನಡುವೆ ಅವನು ನೋಡಿದ: ಅಳಿಯ ಎತ್ತಿದ ಕೈ ಇಳಿಸಿ ಕೂತುಬಿಟ್ಟಿದ್ದ. ಹಳೇ ರಸ್ತೆಯ ಮರದ ನೆರಳಲ್ಲಿ ಮಾವ ಗೊರಕೆ ಹೊಡೆಯುವಾಗ ಲಾರಿ ಕಾದವನು ಅವನೇ. ನಾಲ್ಕು ಜನರ ಮುಂದೆ ಮಾವನಿಗೆ ಎದುರಾಡುವ ಜಾಯಮಾನ ಅವನದಲ್ಲ. ಬಾಯಿ ತಪ್ಪಿತು ಎನ್ನಲು ಮೈಕು ಇನ್ನೂ ಗೇರಣ್ಣನ ಕೈಯಲ್ಲೇ ಇತ್ತು. ಅವನು ಅನ್ನಲಿಲ್ಲ.

ಡ್ರೈವರೇ ಬೇಡವೆಂದ ಮೇಲೆ ಇನ್ನೇನು, ಯೋಜನೆಯೇ ರದ್ದಾಯಿತು. ಹುಲ್ಲುಗಾವಲಲ್ಲೂ ಇಲ್ಲ, ಇಟ್ಟಿಗೆ ಗೂಡಿನ ಬಳಿಯೂ ಇಲ್ಲ. ಹಳೇ ರಸ್ತೆಯ ಮೇಲೆಯೇ ಬಂದ ಹೊಸ ಹೆದ್ದಾರಿಗೆ ಎರಡೂ ಬದಿ ಕಬ್ಬಿಣದ ಬೇಲಿ, ನಿಲ್ಲಿಸಿದರೆ ದಂಡ. ಬೆಳಗ್ಗೆ ಹುಲ್ಲಿನ ಮೇಲೆ ನಡೆಯುವಾಗ ಜನ ಗೇರಣ್ಣನ ಬೆನ್ನು ತಟ್ಟುತ್ತಿದ್ದರು. ಅದೇ ಕೈ ಕಪಾಳಕ್ಕೆ ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಒಂದು ದಿನ ಮಗಳು ಬಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. “ಅಪ್ಪಾ, ಇವರು ಕಣ್ಣು ಕೆಂಪಗೆ ಮಾಡ್ಕೊಂಡು ಮನೆಗೆ ಬರ್ತಾರೆ. ಹೋದ ವಾರ ಲಾರಿ ಬೇಲಿಗೆ ಉಜ್ಜಿಬಿಟ್ಟಿದೆ. ನಿದ್ದೆ ತಡೆಯೋಕೆ ನೀವು ಏನ್ ಮಾಡ್ತಿದ್ರಿ? ಇವರನ್ನ ಕೇಳಿದ್ರೆ, ನಿಮ್ಮಪ್ಪನ್ನೇ ಕೇಳು ಅಂತಾರೆ.”

ಅಳಿಯ ಈಗಲೂ ಮಾವನ ಮಾನ ಕಾಯುತ್ತಿದ್ದ, ಕಟ್ಟಿಕೊಂಡ ಹೆಂಡತಿಯ ಹತ್ತಿರವೂ. ಇನ್ನು ಮುಚ್ಚಿಡಲು ಗೇರಣ್ಣನಿಂದಾಗಲಿಲ್ಲ.

“ತಡೀತಿರ್ಲಿಲ್ಲ ಮಗಳೇ,” ಎಂದ. “ಎಲ್ಲಾದ್ರೂ ನಿಲ್ಸಿ ಮಲ್ಕೊಳ್ತಿದ್ದೆ. ನಿನ್ ಗಂಡನೇ ಕಾವಲು ಇರ್ತಿದ್ದ.”

ಅವಳು ಬಾಗಿಲು ಬಿಟ್ಟು ಅಪ್ಪನ ಹತ್ತಿರ ಬಂದಳು.

“ಹಾಗಾದ್ರೆ ಈಗ ಅವರು ಎಲ್ಲಿ ನಿಲ್ಲಿಸ್ಬೇಕು, ಹೇಳಿ ಅಪ್ಪಾ,” ಎಂದಳು.

ಆ ದಾರಿಯ ಒಂದೊಂದು ತಿರುವೂ ಗೊತ್ತಿದ್ದ ಗೇರಣ್ಣನಿಗೆ ಹೇಳಲು ಒಂದು ಜಾಗವೂ ಹೊಳೆಯಲಿಲ್ಲ.